ಜನವರಿಯಲ್ಲಿ ಗುರುಗ್ರಾಮದಿಂದ ಹುಬ್ಬಳ್ಳಿಗೆ ಮನೆ ಬದಲಾವಣೆ: ಕಾರಿಗೆ ಯಾವ ದಾರಿ ಒಳ್ಳೆಯದು?

ಸಾಧನಕೇರಿ · ಡಿಸೆಂಬರ್ 14, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಜನವರಿ ಮೊದಲ ವಾರ ನಾವು ಗುರುಗ್ರಾಮ ಬಿಟ್ಟು ಹುಬ್ಬಳ್ಳಿಗೆ ಬರುತ್ತಿದ್ದೇವೆ. ಯಜಮಾನರು 12ಕ್ಕೆ ಹೊಸ ಕೆಲಸಕ್ಕೆ ಸೇರಬೇಕು. ಮನೆ ಸಾಮಾನು ಪ್ಯಾಕರ್ಸ್‌ನವರ ಲಾರಿಯಲ್ಲಿ ಹೋಗುತ್ತದೆ. ಕಾರನ್ನು ಮಾತ್ರ ನಾವೇ ಓಡಿಸಿಕೊಂಡು ಬರೋಣ ಅಂತ ಇದ್ದೇವೆ. ಪೆಟ್ರೋಲ್ ಕಾರು, ಹರಿಯಾಣ ನಂಬರು. ಕಾರಿನಲ್ಲಿ ನಾವಿಬ್ಬರು, ಅತ್ತೆ, ನಾಲ್ಕು ವರ್ಷದ ಮಗಳು. ಅತ್ತೆಗೆ 69 ವರ್ಷ, ಮಂಡಿ ನೋವಿದೆ, ಹೆಚ್ಚು ಹೊತ್ತು ಕಾಲು ಮಡಚಿ ಕೂರಲು ಆಗುವುದಿಲ್ಲ. ಓಡಿಸುವುದು ನಾವಿಬ್ಬರೂ.

ನಕ್ಷೆ ನೋಡಿದರೆ ಮೂರು ದಾರಿ ಕಾಣುತ್ತಿದೆ.

ಒಂದು, ಆಗ್ರಾ, ಗ್ವಾಲಿಯರ್, ಝಾನ್ಸಿ, ನಾಗಪುರ, ಹೈದರಾಬಾದ್ ಮೇಲೆ ಎನ್‌ಎಚ್ 44. ಅಲ್ಲಿಂದ ರಾಯಚೂರು, ಗಂಗಾವತಿ, ಗದಗ.

ಎರಡು, ಜೈಪುರ, ಉದಯಪುರ, ಅಹಮದಾಬಾದ್, ಠಾಣೆ, ಪುಣೆ, ಬೆಳಗಾವಿ. ಪೂರ್ತಿ ಎನ್‌ಎಚ್ 48.

ಮೂರು, ಕೋಟಾ, ಇಂದೋರ್, ಧುಳೆ, ಸೊಲ್ಲಾಪುರ, ವಿಜಯಪುರ. ಇದು ಎನ್‌ಎಚ್ 52.

ಮೂರೂ ಹೆಚ್ಚುಕಮ್ಮಿ 1,900ರಿಂದ 2,100 ಕಿ.ಮೀ. ಒಳಗೆ ಬರುತ್ತವೆ. ಹಾಗಾಗಿ ದೂರ ನೋಡಿ ತೀರ್ಮಾನ ಮಾಡಲು ಆಗುತ್ತಿಲ್ಲ. ನನಗೆ ಹೆದರಿಕೆ ಇರುವುದು ಮಂಜಿನ ಬಗ್ಗೆ. ಇಲ್ಲಿ ಈಗಲೇ ಬೆಳಿಗ್ಗೆ ಎದುರಿನ ಟವರ್ ಕಾಣುವುದಿಲ್ಲ. ಚಳಿಗಾಲದಲ್ಲಿ ಈ ಕಡೆಯಿಂದ ಓಡಿಸಿಕೊಂಡು ಬಂದವರು ದಯವಿಟ್ಟು ಹೇಳಿ.

ಗಂಗಾವತಿ ಅಕ್ಕಿ · ಡಿಸೆಂಬರ್ 14, ರಾತ್ರಿ 10:05

ಅಕ್ಕ, ಕಣ್ಣು ಮುಚ್ಚಿ 44 ಹಿಡಿಯಿರಿ. ದೇಶದ ಅತಿ ಉದ್ದದ ಹೆದ್ದಾರಿ ಅದು. ನಾಗಪುರದಿಂದ ಈಚೆಗೆ ರಸ್ತೆ ಎಷ್ಟು ಚೆನ್ನಾಗಿದೆ ಅಂದರೆ ಮಗು ನಿದ್ದೆಯಿಂದ ಏಳುವುದೇ ಇಲ್ಲ. ಹೈದರಾಬಾದಿನಲ್ಲಿ ಊರೊಳಗೆ ಹೋಗುವ ಅಗತ್ಯವಿಲ್ಲ. ಮೇಡ್ಚಲ್ ಹತ್ತಿರ ಹೊರವರ್ತುಲ ರಸ್ತೆ ಹತ್ತಿ ಶಂಶಾಬಾದ್ ಹತ್ತಿರ ಇಳಿಯಬಹುದು. ಜಡ್ಚರ್ಲಾದಲ್ಲಿ ಬಲಕ್ಕೆ ತಿರುಗಿದರೆ ಮಹಬೂಬ್‌ನಗರ, ರಾಯಚೂರು. ಆಮೇಲೆ ನಮ್ಮೂರೇ. ಊಟಕ್ಕೆ ಬನ್ನಿ.

ಸಿವನಿ ಮತ್ತು ನಾಗಪುರದ ನಡುವೆ ಪೆಂಚ್ ಕಾಡಿದೆ. ಅಲ್ಲಿ ಪ್ರಾಣಿಗಳು ಕೆಳಗಿಂದ ದಾಟಲಿ ಅಂತ ರಸ್ತೆಯನ್ನೇ ಕಂಬಗಳ ಮೇಲೆ ಎತ್ತಿ ಕಟ್ಟಿದ್ದಾರೆ. ಹಗಲು ಹೊತ್ತಿನಲ್ಲಿ ಹೋದರೆ ಮಗಳಿಗೆ ತೋರಿಸಿ, ಖುಷಿಪಡುತ್ತಾಳೆ.

ಉಣಕಲ್ ಕೆರೆ · ಡಿಸೆಂಬರ್ 14, ರಾತ್ರಿ 11:30

ಮೇಲಿನವರು ನಾಗಪುರದಿಂದ ಈಚೆಗಿನ ರಸ್ತೆ ಬಗ್ಗೆ ಹೇಳಿದ್ದು ನಿಜ. ಆದರೆ ಸಾಧನಕೇರಿ ಅಕ್ಕನ ಪ್ರಶ್ನೆ ಇರುವುದು ನಾಗಪುರದಿಂದ ಆಚೆಗೆ.

ನಾನು ದೆಹಲಿ ಸುತ್ತಮುತ್ತ ವರ್ಷಗಟ್ಟಲೆ ಇದ್ದವನು. ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ ಮಥುರಾ, ಆಗ್ರಾ, ಧೌಲಪುರ, ಮೊರೆನಾ, ಗ್ವಾಲಿಯರ್ ಪಟ್ಟಿ ಮಂಜಿನ ಮನೆ. ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಚಳಿಗಾಲಕ್ಕೆ ಅಂತಲೇ ಕಾರುಗಳ ವೇಗದ ಮಿತಿಯನ್ನು 100ರಿಂದ 75ಕ್ಕೆ ಇಳಿಸುತ್ತಾರೆ. ಅಷ್ಟರಲ್ಲೇ ಗೊತ್ತಾಗುತ್ತದೆ ಅಲ್ವಾ, ಅದು ಎಂಥ ಜಾಗ ಅಂತ.

ಮಂಜಿನ ಕಾಲದಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಬೆಳಿಗ್ಗೆ ಹತ್ತರ ಒಳಗೆ ಮತ್ತು ಸಂಜೆ ಆರರ ಮೇಲೆ ನೀವು ಎಲ್ಲಿರುತ್ತೀರಿ? ಆ ಎರಡು ಹೊತ್ತಿನಲ್ಲಿ ಕಾರು ಹೋಟೆಲಿನ ಅಂಗಳದಲ್ಲಿ ನಿಂತಿದ್ದರೆ ಯಾವ ದಾರಿಯೂ ಅಷ್ಟು ಕೆಟ್ಟದ್ದಲ್ಲ. ಆ ಹೊತ್ತಿನಲ್ಲಿ ರಸ್ತೆ ಮೇಲಿದ್ದರೆ ಯಾವ ದಾರಿಯೂ ಒಳ್ಳೆಯದಲ್ಲ.

ಹೀಗೆ ಲೆಕ್ಕ ಹಾಕಿದರೆ 44ರ ತೊಂದರೆ ಕಾಣುತ್ತದೆ. ಹತ್ತಕ್ಕೆ ಗುರುಗ್ರಾಮ ಬಿಟ್ಟರೆ ಸಂಜೆಗೆ ಗ್ವಾಲಿಯರ್ ಅಥವಾ ಝಾನ್ಸಿ. ಅಂದರೆ ಮಾರನೇ ದಿನ ಬೆಳಿಗ್ಗೆಯೂ ಮಂಜಿನೊಳಗೇ ಏಳುತ್ತೀರಿ. ಮತ್ತೆ ಹತ್ತೂವರೆ, ಹನ್ನೊಂದರವರೆಗೆ ಕಾಯಬೇಕು. ಜೈಪುರದ ಕಡೆ ಹೋದರೆ ಮೊದಲ ದಿನ ಸಂಜೆಗೇ ಅಜ್ಮೇರ್, ಕಿಶನ್‌ಗಢ ಮುಟ್ಟುತ್ತೀರಿ. ಅಲ್ಲಿ ಮಂಜೇ ಬೀಳುವುದಿಲ್ಲ ಅಂತಲ್ಲ. ಆದರೆ ಒಣ ನೆಲ, ಗ್ವಾಲಿಯರ್ ಕಡೆಯ ಹಾಗೆ ದಿನಗಟ್ಟಲೆ ಕೂರುವುದು ಕಡಿಮೆ.

ಬರಿಗಾಲ ಪಯಣಿಗ · ಡಿಸೆಂಬರ್ 15, ಬೆಳಿಗ್ಗೆ 6:50

ನಾನು ಹೇಳುವುದು ತದ್ವಿರುದ್ಧ. ಬೆಳಗಿನ ಜಾವ 3ಕ್ಕೆ ಬಿಟ್ಟುಬಿಡಿ. ರಸ್ತೆ ಖಾಲಿ ಇರುತ್ತದೆ. ದೆಹಲಿ ಕಡೆಯ ಟ್ರಾಫಿಕ್ ಸಿಗುವುದಿಲ್ಲ. ಸೂರ್ಯ ಹುಟ್ಟುವಷ್ಟರಲ್ಲಿ ಜೈಪುರ. ನಾವೆಲ್ಲ ಬೆಂಗಳೂರಿನಿಂದ ಊರಿಗೆ ಹೋಗುವಾಗ ಹೀಗೇ ಮಾಡುವುದು.

ಲಾರಿ ಮನೆತನ · ಡಿಸೆಂಬರ್ 15, ಬೆಳಿಗ್ಗೆ 8:15

ಪಯಣಿಗ ಅವರೇ, ಬೆಂಗಳೂರಿನಿಂದ ಹುಬ್ಬಳ್ಳಿಗೆ ಅದು ಸರಿ. ಉತ್ತರದಲ್ಲಿ ಜನವರಿ ತಿಂಗಳು ಹಾಗೆ ಮಾಡಬೇಡಿ, ಯಾರಿಗೂ ಹೇಳಲೂಬೇಡಿ. ದಯವಿಟ್ಟು.

ನಮ್ಮಪ್ಪ ಲಾರಿ ಓಡಿಸುತ್ತಿದ್ದರು. ಈಗ ನಮ್ಮದೇ ನಾಲ್ಕು ಗಾಡಿ ಇವೆ, ಮೊಸಂಬಿ, ದಾಳಿಂಬೆ ಹಾಕಿಕೊಂಡು ದೆಹಲಿಯ ಆಜಾದ್‌ಪುರ ಮಂಡಿಗೆ ಹೋಗುತ್ತವೆ. ಮಂಜು ಅತಿ ದಟ್ಟ ಆಗುವುದು ಬೆಳಗಿನ ಜಾವದಿಂದ ಸೂರ್ಯ ಹುಟ್ಟಿ ಒಂದೆರಡು ತಾಸಿನವರೆಗೆ. ಜನವರಿಯಲ್ಲಿ ಅಲ್ಲಿ ಬೆಳಗಾಗುವುದೇ ಏಳೂಕಾಲಿಗೆ. ನಮ್ಮ ಡ್ರೈವರ್‌ಗಳಿಗೆ ಮನೆಯಿಂದ ಇರುವ ಅಪ್ಪಣೆ ಒಂದೇ. ಮಂಜು ಬಿದ್ದರೆ ಢಾಬಾದಲ್ಲಿ ನಿಲ್ಲಿಸು, ಮಾಲು ತಡವಾದರೆ ನಾನು ಮಾತಾಡ್ತೀನಿ.

ಇನ್ನೊಂದು ವಿಷಯ. ಎಲ್ಲರೂ ಹೇಳುತ್ತಾರೆ, ಮಂಜಿನಲ್ಲಿ ಎಡಗಡೆಯ ಬಿಳಿ ಗೆರೆ ಹಿಡಿದು ನಿಧಾನ ಹೋಗಿ ಅಂತ. ನಮ್ಮ ಹೆದ್ದಾರಿಗಳಲ್ಲಿ ಎಡಗಡೆ ಏನಿರುತ್ತದೆ? ಟೈರ್ ಪಂಚರ್ ಆಗಿ ನಿಂತ ಲಾರಿ, ಹಿಂದಿನ ದೀಪ ಇಲ್ಲದ ಟ್ರಾಲಿ. ಗೆರೆ ಹಿಡಿದು ಹೋದವರು ನೇರ ಅದಕ್ಕೇ ಹೋಗಿ ಗುದ್ದುತ್ತಾರೆ. ಮಧ್ಯದ ಪಥ ಇದ್ದರೆ ಅದರಲ್ಲಿ ಹೋಗಿ, ಮೊದಲು ಸಿಗುವ ಟೋಲ್, ಬಂಕ್ ಅಥವಾ ಢಾಬಾಕ್ಕೆ ಹೊರಳಿ. ರಸ್ತೆ ಅಂಚಿನಲ್ಲಿ ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಗಾಡಿ ಕೆಟ್ಟು ನಿಲ್ಲಲೇಬೇಕಾದರೆ ಎಲ್ಲರನ್ನೂ ಇಳಿಸಿ ತಡೆಬೇಲಿಯ ಆಚೆ ಕಳಿಸಿ. ಕೆಂಪು ತ್ರಿಕೋನವನ್ನು ದೂರ ಹಿಂದೆ ಇಡಿ. 1033ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ. ಕಾರಿನೊಳಗೆ ಬೆಚ್ಚಗೆ ಕೂತು ಕಾಯುವುದು ಬಹಳ ಅಪಾಯ.

ದಾರಿ ಅಂತ ಕೇಳಿದರೆ ನನ್ನ ಓಟು ಎನ್‌ಎಚ್ 48ಕ್ಕೆ. ವಯಸ್ಸಾದವರಿದ್ದಾರೆ. ನೂರು ಕಿ.ಮೀ.ಗೆ ಒಂದು ದೊಡ್ಡ ಊರು, ಆಸ್ಪತ್ರೆ, ಸರ್ವಿಸ್ ಸೆಂಟರ್ ಸಿಗುತ್ತವೆ.

ಮೋಡ ನೋಡುವವಳು · ಡಿಸೆಂಬರ್ 15, ಮಧ್ಯಾಹ್ನ 1:40

ಮಂಜು ಯಾಕೆ ಬೀಳುತ್ತದೆ ಅಂತ ಸ್ವಲ್ಪ ತಿಳಿದಿದ್ದರೆ ಹೊರಡುವ ದಿನ ಆರಿಸುವುದು ಸುಲಭ. ಹವಾಮಾನ ನನ್ನ ಇಷ್ಟದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ.

ಚಳಿಗಾಲದಲ್ಲಿ ಪಶ್ಚಿಮದ ಕಡೆಯಿಂದ ಆಗಾಗ ಒಂದೊಂದು ಮಳೆಯ ಅಲೆ ಬರುತ್ತದೆ. ವೆಸ್ಟರ್ನ್ ಡಿಸ್ಟರ್ಬೆನ್ಸ್ ಅಂತ ವಾರ್ತೆಯಲ್ಲಿ ಕೇಳಿರುತ್ತೀರಿ. ಅದು ಪಂಜಾಬ್, ಹರಿಯಾಣ, ದೆಹಲಿಯಲ್ಲಿ ಒಂದಿಷ್ಟು ಮಳೆ ಸುರಿಸಿ ಹೋಗುತ್ತದೆ. ಹೋದ ಮೇಲೆ ಆಕಾಶ ತಿಳಿಯಾಗುತ್ತದೆ, ಗಾಳಿ ನಿಲ್ಲುತ್ತದೆ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲದಲ್ಲಿ ಮಳೆಯ ಪಸೆ, ಜೊತೆಗೆ ನೀರು ಕಟ್ಟಿದ ಗೋಧಿ ಹೊಲಗಳ ಪಸೆ. ಅದೆಲ್ಲ ನೆಲದ ಹತ್ತಿರವೇ ಮಂಜಾಗಿ ಕೂರುತ್ತದೆ. ಗಾಳಿ ಇಲ್ಲದೆ ಚದುರುವುದಿಲ್ಲ.

ಹಾಗಾಗಿ ಮಳೆ ನಿಂತ ಮರುದಿನ, ಆಕಾಶ ತಿಳಿ ಇದೆ ಅಂತ ಖುಷಿಯಿಂದ ಬೇಗ ಹೊರಡುವುದು ಅತಿ ಕೆಟ್ಟ ಆಯ್ಕೆ. ಗಾಳಿ ಬೀಸುವ ದಿನ ಚಳಿ ಜಾಸ್ತಿ ಅನಿಸಿದರೂ ರಸ್ತೆ ಕಾಣುತ್ತದೆ.

ಹವಾಮಾನ ಇಲಾಖೆ ಮಂಜನ್ನು ಕಣ್ಣಿಗೆ ಕಾಣುವ ದೂರದಿಂದ ಅಳೆಯುತ್ತದೆ. 200 ಮೀಟರ್‌ಗಿಂತ ಕಡಿಮೆ ಕಂಡರೆ ದಟ್ಟ, 50 ಮೀಟರ್‌ಗಿಂತ ಕಡಿಮೆ ಇದ್ದರೆ ಅತಿ ದಟ್ಟ. ಈಗ ಲೆಕ್ಕ ಹಾಕಿ. 80ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. 50 ಮೀಟರ್ ಅಂದರೆ ಎರಡು ಸೆಕೆಂಡು ಸ್ವಲ್ಪ ಮೇಲೆ. ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅದರಲ್ಲಿ ಅರ್ಧ ಮುಗಿದಿರುತ್ತದೆ.

ಇಲಾಖೆಯವರು ಜಿಲ್ಲೆವಾರು ಹಳದಿ, ಕಿತ್ತಳೆ, ಕೆಂಪು ಅಂತ ಮಂಜಿನ ಮುನ್ಸೂಚನೆ ಕೊಡುತ್ತಾರೆ. ಹೊರಡುವ ಹಿಂದಿನ ಸಂಜೆ ನೋಡಿ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಉಪಗ್ರಹದ ಚಿತ್ರವನ್ನೂ ನೋಡಿ. ಮಂಜಿನ ಹಾಳೆ ಎಲ್ಲಿವರೆಗೆ ಹರಡಿದೆ ಅಂತ ಬಿಳಿಯಾಗಿ ಕಾಣುತ್ತದೆ. ಎಷ್ಟೋ ಸಲ ಅದರ ಅಂಚು ಅರಾವಳಿ ಬೆಟ್ಟಗಳ ಹತ್ತಿರ ನಿಂತಿರುತ್ತದೆ. ಅದಕ್ಕೇ ಉಣಕಲ್ ಕೆರೆಯವರ ಮಾತು ನನಗೆ ಸರಿ ಅನಿಸಿತು.

ಇಂಡಿ ನಿಂಬೆ · ಡಿಸೆಂಬರ್ 15, ಸಂಜೆ 7:10

ಮೂರನೇ ದಾರಿಯ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮ ಜಿಲ್ಲೆಯ ಮೇಲೆ ಬರುವ ದಾರಿ, ನಾನೇ ಹೇಳುತ್ತೇನೆ.

ಎನ್‌ಎಚ್ 52 ನೇರವಾಗಿ ಹುಬ್ಬಳ್ಳಿ ಮುಟ್ಟಿಸುತ್ತದೆ. ಮುಂಬೈ ಕಡೆಯ ಗಲಾಟೆ ಇಲ್ಲ. ಆದರೆ ಕೋಟಾ ಮೇಲೆ ಹೋಗಬೇಡಿ. ಕೋಟಾದಿಂದ ಝಾಲಾವಾಡ್‌ಗೆ ಹೋಗುವಾಗ ದರಾ ಅಂತ ಇಕ್ಕಟ್ಟಿನ ಕಣಿವೆ ಇದೆ. ಅಲ್ಲಿ ಒಂದು ಲಾರಿ ಕೆಟ್ಟರೆ ತಾಸುಗಟ್ಟಲೆ ಜಾಮ್. ದೆಹಲಿ–ಮುಂಬೈ ಎಕ್ಸ್‌ಪ್ರೆಸ್‌ವೇ ಸೋಹ್ನಾದಿಂದಲೇ ಶುರು, ನಿಮಗೆ ಹತ್ತಿರ, ನಿಜ. ಆದರೆ ಅದು ಇನ್ನೂ ತುಂಡು ತುಂಡಾಗಿ ತೆರೆಯುತ್ತಿರುವ ರಸ್ತೆ. ನಡುವೆ ಇಳಿದು ಹತ್ತಬೇಕು. ಮಂಜಿನಲ್ಲಿ 120ರ ಮಿತಿಯ ರಸ್ತೆ ಮೇಲೆ ಬೇರೆಯವರ ವೇಗಕ್ಕೆ ನನಗಂತೂ ಭಯ.

ನನ್ನ ಸಲಹೆ ಹೀಗಿದೆ. ಎರಡನೇ ದಾರಿಯ ಮೇಲರ್ಧ, ಮೂರನೇ ದಾರಿಯ ಕೆಳರ್ಧ. ಗುರುಗ್ರಾಮದಿಂದ ಜೈಪುರ ಬೈಪಾಸ್, ಕಿಶನ್‌ಗಢ, ಭಿಲ್ವಾಡಾ, ಚಿತ್ತೋಡಗಢ. ಅಲ್ಲಿ ಉದಯಪುರದ ಕಡೆ ತಿರುಗದೆ ನೇರ ಕೆಳಗೆ ಬನ್ನಿ. ನೀಮಚ್, ಮಂದಸೌರ್, ಜಾವರಾ, ರತ್ಲಾಮ್, ಲೇಬಡ್. ನಾಲ್ಕು ಪಥದ ರಸ್ತೆ, ಇಂದೋರ್ ಊರೊಳಗೆ ಹೋಗುವುದೇ ಬೇಡ. ಮಾನ್‌ಪುರದ ಹತ್ತಿರ 52ಕ್ಕೆ ಸೇರಿದರೆ ಆಮೇಲೆ ಸೆಂಧ್ವಾ, ಧುಳೆ, ಛತ್ರಪತಿ ಸಂಭಾಜಿನಗರ, ಸೊಲ್ಲಾಪುರ, ವಿಜಯಪುರ.

ಮುಂದೆ ಕೊಲ್ಹಾರದ ಹತ್ತಿರ ಕೃಷ್ಣೆಯ ಮೇಲೆ ಉದ್ದ ಸೇತುವೆ. ಸೇತುವೆ ಹತ್ತೋ ಮೊದಲು ಕೊಲ್ಹಾರದ ಗಡಿಗೆ ಮೊಸರು ತಗೊಳ್ಳಿ. ಎಷ್ಟೋ ವರ್ಷದಿಂದ ಉತ್ತರದಲ್ಲಿದ್ದವರಿಗೆ ಅದರ ರುಚಿ ಊರು ಬಂತು ಅಂತ ಹೇಳುತ್ತದೆ. ಆಮೇಲೆ ಕೆರೂರು, ನರಗುಂದ, ನವಲಗುಂದ, ಹುಬ್ಬಳ್ಳಿ.

ಲಾರಿ ಮನೆತನ · ಡಿಸೆಂಬರ್ 15, ರಾತ್ರಿ 8:30

ನಿಂಬೆ ಅವರು ಹೇಳಿದ ರತ್ಲಾಮ್ ದಾರಿಯನ್ನು ನಾನು ಒಪ್ಪುತ್ತೇನೆ. ಲಾರಿಯವರೂ ಬಹಳ ಹಿಡಿಯುವ ದಾರಿ. ನಾನು 48 ಅಂದಿದ್ದು ಆಸ್ಪತ್ರೆ, ಸರ್ವಿಸ್ ಲೆಕ್ಕದಲ್ಲಿ. ಆದರೆ 48ರಲ್ಲಿ ಸೂರತ್ ದಾಟಿದ ಮೇಲೆ ವಸಾಯಿ, ಘೋಡ್‌ಬಂದರ್, ಠಾಣೆ ಇವೆಯಲ್ಲ, ಅಲ್ಲಿ ಕಾರೂ ಲಾರಿಯೂ ಒಟ್ಟಿಗೆ ತೆವಳುತ್ತವೆ. ಮಂಡಿ ನೋವಿನವರಿಗೆ ಆ ಜಾಮ್‌ನಲ್ಲಿ ಕೂರುವುದು ಹಿಂಸೆ.

ಎರಡು ಘಾಟ್ ಬಗ್ಗೆ ಎಚ್ಚರಿಕೆ. ಸೆಂಧ್ವಾ ದಾಟಿದ ಮೇಲೆ ಬಿಜಾಸನ್ ಘಾಟ್. ತುಂಬಿದ ಲಾರಿಗಳು ಇಳಿಜಾರಿನಲ್ಲಿ ಇರುತ್ತವೆ. ಅವುಗಳ ಮುಂದೆ ಹೋಗಿ ತಟ್ಟನೆ ಬ್ರೇಕ್ ಹಾಕಬೇಡಿ, ಅವಕ್ಕೆ ನಿಲ್ಲಲು ಆಗುವುದಿಲ್ಲ. ಇನ್ನೊಂದು ಚಾಳೀಸಗಾಂವ್ ಆದಮೇಲೆ ಔಟ್ರಮ್ ಘಾಟ್. ಇಕ್ಕಟ್ಟಿನ ತಿರುವುಗಳು. ಎರಡನ್ನೂ ಹಗಲಲ್ಲೇ ದಾಟಿ.

ಇನ್ನು ಕಬ್ಬಿನ ಟ್ರ್ಯಾಕ್ಟರ್. ಇದನ್ನು ಜನ ಮರೆಯುತ್ತಾರೆ. ಜನವರಿ ಅಂದರೆ ಕಾರ್ಖಾನೆಗಳು ಕಬ್ಬು ನುರಿಸುವ ಕಾಲ. ಸೊಲ್ಲಾಪುರದಿಂದ ಹಿಡಿದು ನಮ್ಮ ಬಾಗಲಕೋಟೆ ಜಿಲ್ಲೆಯವರೆಗೆ ರಾತ್ರಿಯಿಡೀ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಓಡುತ್ತವೆ. ಹಿಂದೆ ದೀಪ ಇರುವುದಿಲ್ಲ. ಕಬ್ಬಿನ ತುದಿ ಟ್ರಾಲಿಯ ಹೊರಗೆ ಚಾಚಿರುತ್ತದೆ. ಉತ್ತರದ ಮಂಜು ದಾಟಿದೆವು, ಇನ್ನೇನು ಊರು ಬಂತು ಅಂತ ರಾತ್ರಿ ಓಡಿಸುವವರಿಗೆ ಇದೇ ಎದುರಾಗುವುದು.

ಸಾಧನಕೇರಿ · ಡಿಸೆಂಬರ್ 15, ರಾತ್ರಿ 10:45

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ. ಯಜಮಾನರಿಗೆ ಓದಿ ಹೇಳಿದೆ. ರತ್ಲಾಮ್ ದಾರಿ ಅವರಿಗೂ ಹಿಡಿಸಿತು. ಅವರು ಮೂರು ದಿನದಲ್ಲಿ ಮುಗಿಸೋಣ ಅನ್ನುತ್ತಿದ್ದಾರೆ. ಆಗುತ್ತದಾ? ಮತ್ತೆ ಕಾರಿನಲ್ಲಿ ಏನೇನು ತುಂಬಬಹುದು? ಪ್ಯಾಕರ್ಸ್‌ನವರು ಸಾಮಾನು ತಲುಪುವ ದಿನ ಖಚಿತವಾಗಿ ಹೇಳುತ್ತಿಲ್ಲ. ಹಾಗಾಗಿ ಅಡುಗೆ ಪಾತ್ರೆ, ಹಾಸಿಗೆ ಎಲ್ಲ ಕಾರಿನಲ್ಲೇ ಹಾಕಿಕೊಳ್ಳೋಣ ಅನಿಸುತ್ತಿದೆ. ಮೇಲೆ ಕ್ಯಾರಿಯರ್ ಹಾಕಿಸಬೇಕಾ?

ಉಣಕಲ್ ಕೆರೆ · ಡಿಸೆಂಬರ್ 16, ಬೆಳಿಗ್ಗೆ 7:30

ಮೂರು ದಿನ ಬೇಡ ಅಕ್ಕ. ಇಬ್ಬರು ಗಟ್ಟಿ ಡ್ರೈವರ್‌ಗಳಿಗೆ ಬೇಸಿಗೆಯಲ್ಲಿ ಆಗುತ್ತದೆ. ಜನವರಿಯಲ್ಲಿ ನಿಮಗೆ ಸಿಗುವ ಒಳ್ಳೆಯ ಹೊತ್ತೇ ಕಡಿಮೆ. ಅಲ್ಲಿ ಕತ್ತಲಾಗುವುದು ಐದೂಮುಕ್ಕಾಲಿಗೆ. ಹತ್ತಕ್ಕೆ ಹೊರಟರೆ ಎಂಟು ತಾಸು. ಅದರಲ್ಲಿ ಊಟ, ಮಗು, ಅತ್ತೆಯವರ ಕಾಲು ಚಾಚುವ ಬಿಡುವು ಕಳೆಯಿರಿ. ಓಡಿಸಲು ಉಳಿಯುವುದು ಆರು ತಾಸು. ಕೆಳಗೆ ಬಂದ ಹಾಗೆ ಬೇಗ ಹೊರಡಬಹುದು, ದಿನದ ಓಟವನ್ನೂ ಉದ್ದ ಮಾಡಬಹುದು.

ನಾನಾದರೆ ಹೀಗೆ ಮಾಡುತ್ತೇನೆ. ಮೊದಲ ದಿನ ಕಿಶನ್‌ಗಢ, ಸುಮಾರು 340 ಕಿ.ಮೀ. ಎರಡನೇ ದಿನ ರತ್ಲಾಮ್, ಸುಮಾರು 380. ಮೂರನೇ ದಿನ ಸಂಭಾಜಿನಗರ, ಸುಮಾರು 475. ಇದು ದೊಡ್ಡ ದಿನ, ಎರಡೂ ಘಾಟ್ ಇದರಲ್ಲೇ ಬರುತ್ತವೆ, ಏಳಕ್ಕೇ ಹೊರಡಬೇಕು. ಭಾರ ಅನಿಸಿದರೆ ಧುಳೆಯಲ್ಲೇ ಉಳಿಯಿರಿ. ನಾಲ್ಕನೇ ದಿನ ವಿಜಯಪುರ. ಐದನೇ ದಿನ ಮಧ್ಯಾಹ್ನದ ಊಟ ಹುಬ್ಬಳ್ಳಿಯಲ್ಲಿ. ಇದರ ಮೇಲೆ ಎರಡು ದಿನ ಕೈಯಲ್ಲಿ ಇರಲಿ. 12ನೇ ತಾರೀಖಿಗೆ ಕೆಲಸ ಅಂದರೆ 5ನೇ ತಾರೀಖಿಗೆ ಹೊರಡಬೇಕು. ಮಂಜಿದ್ದರೆ 6ಕ್ಕೆ, 7ಕ್ಕೆ ಹೊರಟರೂ ಚಿಂತೆ ಇರಬಾರದು. ಹೊರಡುವುದನ್ನು ಮುಂದೂಡುವ ಸ್ವಾತಂತ್ರ್ಯ ಇಲ್ಲದಿದ್ದರೆ ಎಷ್ಟು ಒಳ್ಳೆಯ ದಾರಿ ಆರಿಸಿದರೂ ಪ್ರಯೋಜನ ಇಲ್ಲ. ಮೊದಲ ರಾತ್ರಿಯ ಹೋಟೆಲನ್ನು ರದ್ದು ಮಾಡಬಹುದಾದ ಹಾಗೆ ಬುಕ್ ಮಾಡಿ. ನೆಲಮಹಡಿ ಕೋಣೆ ಅಥವಾ ಲಿಫ್ಟ್ ಇದೆಯಾ ಕೇಳಿ, ಅತ್ತೆಯವರಿಗಾಗಿ.

ಸಾಮಾನಿನ ವಿಷಯ. ಕ್ಯಾರಿಯರ್ ಬೇಡವೇ ಬೇಡ. ಹಿಂದೆ ಭಾರ ಜಾಸ್ತಿ ಆದರೆ ಕಾರಿನ ಮೂತಿ ಮೇಲೇಳುತ್ತದೆ. ಆಗ ಹೆಡ್‌ಲೈಟ್ ರಸ್ತೆ ಬಿಟ್ಟು ಮೇಲಕ್ಕೆ ಬೀಳುತ್ತದೆ. ಮಂಜಿನಲ್ಲಿ ಬೆಳಕು ಮೇಲಕ್ಕೆ ಬಿದ್ದರೆ ಎದುರಿಗೆ ಬಿಳಿ ಗೋಡೆ ಬಿಟ್ಟು ಏನೂ ಕಾಣುವುದಿಲ್ಲ. ಸ್ಟೇರಿಂಗಿನ ಬಲಗಡೆ ಕೆಳಗೆ 0ಯಿಂದ 3 ಅಥವಾ 4ರವರೆಗೆ ಅಂಕಿ ಇರುವ ಸಣ್ಣ ಗುಂಡಿ ಇರುತ್ತದೆ ನೋಡಿ. ಭಾರ ತುಂಬಿದಾಗ ಅದನ್ನು ತಿರುಗಿಸಿ ಬೆಳಕನ್ನು ಕೆಳಗಿಳಿಸಬೇಕು. ಕಾರು ಕೊಂಡಾಗಿನಿಂದ ಅದನ್ನು ಮುಟ್ಟದವರೇ ಜಾಸ್ತಿ. ಟೈರಿನ ಗಾಳಿಯನ್ನೂ ತುಂಬಿದ ಭಾರಕ್ಕೆ ತಕ್ಕಂತೆ ಹಾಕಿಸಿ, ಬಾಗಿಲ ಅಂಚಿನ ಚೀಟಿಯಲ್ಲಿ ಬರೆದಿರುತ್ತದೆ. ಹಿಂದಿನ ಗಾಜು ಪೂರ್ತಿ ಮುಚ್ಚುವಷ್ಟು ತುಂಬಬೇಡಿ.

ಅಡುಗೆಮನೆ ಅಕ್ಕ · ಡಿಸೆಂಬರ್ 16, ಬೆಳಿಗ್ಗೆ 11:00

ಸಾಮಾನಿನ ಬಗ್ಗೆ ನಾನು ಹೇಳುತ್ತೇನೆ, ಊರು ಬದಲಾಯಿಸುವುದು ನಮ್ಮ ಮನೆಯಲ್ಲಿ ಮಾಮೂಲು. ಸಾಮಾನಿನ ಲಾರಿ ಮಂಜಿನಲ್ಲಿ ಸಿಕ್ಕಿಕೊಂಡರೆ ತಡವಾಗುವುದು ಖಂಡಿತ. ಕಾರಿನಲ್ಲಿ ಇರಲೇಬೇಕಾದದ್ದು: ಮೂಲ ಕಾಗದಪತ್ರ, ಒಡವೆ, ಅತ್ತೆಯವರ ಒಂದು ತಿಂಗಳ ಔಷಧಿ ಮತ್ತು ಡಾಕ್ಟರ್ ಚೀಟಿ, ಎರಡು ಕಂಬಳಿ, ಒಂದು ಕುಕ್ಕರ್, ಸಣ್ಣ ಇಂಡಕ್ಷನ್ ಒಲೆ, ನಾಲ್ಕು ತಟ್ಟೆ ಲೋಟ, ದೇವರ ಪೆಟ್ಟಿಗೆ. ಹಾಸಿಗೆ ಬೇಡ. ಒಂದೆರಡು ಚಾಪೆ ಹುಬ್ಬಳ್ಳಿಯಲ್ಲೇ ಕೊಳ್ಳಿ.

ಗ್ಯಾಸ್ ಸಿಲಿಂಡರನ್ನು ಲಾರಿಗೂ ಹಾಕಬೇಡಿ, ಕಾರಿಗೂ ಹಾಕಬೇಡಿ. ಏಜೆನ್ಸಿಗೆ ವಾಪಸ್ ಕೊಟ್ಟು ವರ್ಗಾವಣೆ ಚೀಟಿ ತೆಗೆದುಕೊಳ್ಳಿ. ಅದನ್ನು ಹುಬ್ಬಳ್ಳಿ ಏಜೆನ್ಸಿಯಲ್ಲಿ ತೋರಿಸಿದರೆ ಅಲ್ಲಿ ಸಂಪರ್ಕ ಸಿಗುತ್ತದೆ. ಫ್ಲಾಸ್ಕಿನಲ್ಲಿ ಬಿಸಿನೀರು ಸದಾ ಇರಲಿ. ಚಪಾತಿ, ಶೇಂಗಾ ಚಟ್ನಿ ಎರಡು ದಿನಕ್ಕೆ ಕಟ್ಟಿಕೊಂಡರೆ ಮಂಜಿನಲ್ಲಿ ಎಲ್ಲಾದರೂ ಕಾಯಬೇಕಾಗಿ ಬಂದರೂ ಮಗು ಹಸಿಯುವುದಿಲ್ಲ.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ಅತ್ತೆಯವರನ್ನು ವಿಮಾನದಲ್ಲಿ ಕಳಿಸಬಹುದಲ್ವಾ?

ಸಾಧನಕೇರಿ · ಡಿಸೆಂಬರ್ 16, ಮಧ್ಯಾಹ್ನ 3:15

ಕೇಳಿದೆವು ಅಕ್ಕ. ಒಬ್ಬರೇ ಹೋಗಲು ಅವರಿಗೆ ಇಷ್ಟವಿಲ್ಲ. ಮೊಮ್ಮಗಳ ಜೊತೆಗೇ ಬರುತ್ತೇನೆ ಅನ್ನುತ್ತಾರೆ. ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಸೀಟು ಪೂರ್ತಿ ಹಿಂದೆ ತಳ್ಳುತ್ತೇವೆ. ಒಂದೂವರೆ ತಾಸಿಗೊಮ್ಮೆ ಇಳಿದು ನಡೆಯುವುದು. ಅದಕ್ಕೆ ಅವರೂ ಒಪ್ಪಿದ್ದಾರೆ.

ದಾಖಲೆ ಮಾವ · ಡಿಸೆಂಬರ್ 16, ಸಂಜೆ 6:40

ದಾರಿಗಿಂತ ಸ್ವಲ್ಪ ಆಚೆಯ ವಿಷಯ, ಆದರೆ ಗುರುಗ್ರಾಮ ಬಿಡುವ ಮೊದಲೇ ಮಾಡಬೇಕು. ಕರ್ನಾಟಕದಲ್ಲಿ ಕಾಯಂ ಇರುವುದಾದರೆ 12 ತಿಂಗಳ ಒಳಗೆ ಕಾರಿಗೆ ಇಲ್ಲಿಯ ನಂಬರು ಮಾಡಿಸಬೇಕು. ಅದಕ್ಕೆ ಹರಿಯಾಣದ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ಬೇಕು, ನಮೂನೆ 28. ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಊರು ಬಿಟ್ಟ ಮೇಲೆ ದೂರದಿಂದ ಇದನ್ನು ಮಾಡಿಸುವುದು ಕಷ್ಟ. ಇಲ್ಲಿ ರಸ್ತೆ ತೆರಿಗೆ ಜಾಸ್ತಿ, ಅದಕ್ಕೆ ದುಡ್ಡು ಎತ್ತಿಟ್ಟುಕೊಳ್ಳಿ. ಅಲ್ಲಿ ಕಟ್ಟಿದ್ದರಲ್ಲಿ ಉಳಿದ ವರ್ಷಗಳ ಪಾಲನ್ನು ವಾಪಸ್ ಕೇಳಬಹುದು.

ಟೋಲ್ ಬಗ್ಗೆ: 2025ರ ಆಗಸ್ಟ್ 15ರಿಂದ ವಾರ್ಷಿಕ ಫಾಸ್ಟ್‌ಟ್ಯಾಗ್ ಪಾಸ್ ಬಂದಿದೆ, ಶುರುವಿನಲ್ಲಿ ಬೆಲೆ 3,000 ರೂಪಾಯಿ ಇತ್ತು. ಖಾಸಗಿ ಕಾರಿಗೆ ವರ್ಷಕ್ಕೆ 200 ದಾಟುವಿಕೆ. ಅದು ನಡೆಯುವುದು ರಾಷ್ಟ್ರೀಯ ಹೆದ್ದಾರಿಗಳಲ್ಲಿ ಮಾತ್ರ. ನಡುವೆ ರಾಜ್ಯದ ಟೋಲ್ ಬಂದರೆ ಮಾಮೂಲು ದುಡ್ಡು ಹೋಗುತ್ತದೆ. ಟ್ಯಾಗಿನಲ್ಲಿ ಹಣ ಇರಲಿ.

ಬರಿಗಾಲ ಪಯಣಿಗ · ಡಿಸೆಂಬರ್ 17, ಬೆಳಿಗ್ಗೆ 9:00

ಲಾರಿ ಮನೆತನದವರು ಹೇಳಿದ್ದು ಓದಿದೆ, ಒಪ್ಪುತ್ತೇನೆ. ಒಂದು ಪ್ರಶ್ನೆ. ಮಂಜಿನಲ್ಲಿ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೋಗಬೇಕಾ? ದಾರಿಯಲ್ಲಿ ಎಲ್ಲರೂ ಹಾಕಿರುತ್ತಾರೆ.

ಲಾರಿ ಮನೆತನ · ಡಿಸೆಂಬರ್ 17, ಬೆಳಿಗ್ಗೆ 9:25

ಓಡುವಾಗ ಬೇಡ ಸರ್. ನಿಂತಾಗ ಮಾತ್ರ. ಓಡುವಾಗ ಹಾಕಿದರೆ ನೀವು ಎಡಕ್ಕೆ ತಿರುಗುತ್ತೀರಾ ಬಲಕ್ಕಾ ಅಂತ ಹಿಂದಿನವನಿಗೆ ಗೊತ್ತಾಗುವುದಿಲ್ಲ. ನಿಂತಿದ್ದೀರಾ ಓಡುತ್ತಿದ್ದೀರಾ ಅಂತಲೂ ತಿಳಿಯುವುದಿಲ್ಲ. ಹೆಡ್‌ಲೈಟ್ ಡಿಮ್‌ನಲ್ಲಿ, ಫಾಗ್ ಲ್ಯಾಂಪ್ ಇದ್ದರೆ ಅದು. ಹಗಲಾದರೂ ಹೆಡ್‌ಲೈಟ್ ಹಾಕಲೇಬೇಕು, ಆಗಲೇ ಹಿಂದಿನ ಕೆಂಪು ದೀಪ ಉರಿಯುವುದು. ಎಷ್ಟೋ ಕಾರುಗಳಲ್ಲಿ ಮುಂದಿನ ಸಣ್ಣ ದೀಪ ತಾನಾಗಿ ಉರಿಯುತ್ತದೆ, ಹಿಂದೆ ಕತ್ತಲೆ. ಒಳಗೆ ಗಾಜಿಗೆ ಹಬೆ ಕಟ್ಟಿದರೆ ಎಸಿ ಹಾಕಿ, ಬಿಸಿಗಾಳಿಯನ್ನು ಗಾಜಿನ ಕಡೆ ತಿರುಗಿಸಿ. ಬಟ್ಟೆಯಲ್ಲಿ ಒರೆಸುತ್ತಾ ಓಡಿಸಬೇಡಿ. ಕಿಟಕಿ ಗಾಜನ್ನು ಸ್ವಲ್ಪ ಇಳಿಸಿದರೆ ಹೊರಗಿನ ಸದ್ದೂ ಕೇಳುತ್ತದೆ.

ಸಾಧನಕೇರಿ · ಜನವರಿ 5, ಬೆಳಿಗ್ಗೆ 8:40

ಇವತ್ತು ಹೊರಡುತ್ತಿಲ್ಲ. ನಿನ್ನೆ ತುಂತುರು ಮಳೆ ಬಂತು. ರಾತ್ರಿ ಆಕಾಶ ತಿಳಿಯಾಯಿತು, ಗಾಳಿ ಇಲ್ಲ. ಮೋಡ ನೋಡುವವಳು ಬರೆದ ಹಾಗೇ ಆಗಿದೆ. ಬೆಳಿಗ್ಗೆ ಎದ್ದರೆ ಕೆಳಗೆ ನಿಂತ ನಮ್ಮ ಕಾರೇ ಕಾಣುತ್ತಿಲ್ಲ. ಹೋಟೆಲಿನವರಿಗೆ ಫೋನ್ ಮಾಡಿ ಒಂದು ದಿನ ಮುಂದಕ್ಕೆ ಹಾಕಿಸಿದೆವು.

ಮೋಡ ನೋಡುವವಳು · ಜನವರಿ 5, ಬೆಳಿಗ್ಗೆ 9:15

ಒಳ್ಳೆಯ ಕೆಲಸ ಮಾಡಿದಿರಿ. ಚಿತ್ರದಲ್ಲಿ ರೇವಾಡಿ, ಅಲ್ವರ್ ದಾಟಿ ಬಿಳಿ ಹಾಳೆ ಇದೆ. ನಾಳೆ ವಾಯವ್ಯದ ಗಾಳಿ ಬೀಸುವ ಸೂಚನೆ ಇದೆ. ಚಳಿ ಇರುತ್ತದೆ, ಮಂಜು ಇವತ್ತಿಗಿಂತ ಬೇಗ ಏಳಬಹುದು. ಆದರೂ ಬೆಳಿಗ್ಗೆ ನೋಡಿಯೇ ಹೊರಡಿ.

ಸಾಧನಕೇರಿ · ಜನವರಿ 11, ಸಂಜೆ 5:30

ಸುಖವಾಗಿ ತಲುಪಿದ್ದೇವೆ. ಮುಂದೆ ಈ ದಾರಿ ಹಿಡಿಯುವವರಿಗೆ ಬೇಕಾಗಬಹುದು ಅಂತ ಬರೆಯುತ್ತಿದ್ದೇನೆ.

6ರಂದು ಹತ್ತೂಕಾಲಿಗೆ ಬಿಟ್ಟೆವು. ಕೋಟ್‌ಪುತ್ಲಿಯವರೆಗೆ ತೆಳು ಮಂಜು ಇತ್ತು, ಆದರೆ ರಸ್ತೆ ಚೆನ್ನಾಗಿ ಕಾಣುತ್ತಿತ್ತು. ಆಮೇಲೆ ಬಿಸಿಲು. ಜೈಪುರ ಬೈಪಾಸ್‌ನಲ್ಲಿ ಲಾರಿ ಜಾಸ್ತಿ. ಕಿಶನ್‌ಗಢದಲ್ಲಿ ರಸ್ತೆಯ ಎರಡೂ ಕಡೆ ಅಮೃತಶಿಲೆಯ ಅಂಗಡಿಗಳು, ಕಲ್ಲು ಹೇರಿಕೊಂಡ ಲಾರಿಗಳು. ಕತ್ತಲಾಗುವ ಮೊದಲೇ ಕೋಣೆ ಸೇರಿದೆವು.

ಚಿತ್ತೋಡಗಢದಿಂದ ರತ್ಲಾಮ್‌ವರೆಗಿನ ರಸ್ತೆ ಇಡೀ ಪ್ರಯಾಣದಲ್ಲೇ ಅತಿ ಹಿತವಾಗಿತ್ತು. ಸಾಸಿವೆ ಹೊಲಗಳೆಲ್ಲ ಹಳದಿ. ನೀಮಚ್, ಮಂದಸೌರ್ ಕಡೆ ಸರ್ಕಾರದ ಪರವಾನಗಿ ಪಡೆದು ಅಫೀಮು ಬೆಳೆಯುತ್ತಾರಂತೆ, ಅತ್ತೆ ಅದನ್ನು ಕೇಳಿ ಬಹಳ ಹೊತ್ತು ಅದೇ ಮಾತಾಡಿದರು. ಆಸ್ಪತ್ರೆ, ಬಂಕ್‌ಗೆ ಕೊರತೆ ಅನಿಸಲಿಲ್ಲ.

ಬಿಜಾಸನ್‌ನಲ್ಲಿ ಲಾರಿಗಳ ಸಾಲಿನ ಹಿಂದೆ ದೂರ ಇಟ್ಟುಕೊಂಡು ನಿಧಾನ ಹೋದೆವು. ಅಲ್ಲಿ ಹೊತ್ತಾದದ್ದರಿಂದ ಧುಳೆಯಲ್ಲೇ ಉಳಿದು ಔಟ್ರಮ್ ಘಾಟನ್ನು ಬೆಳಿಗ್ಗೆ ದಾಟಿದೆವು. ಹಾಗಾಗಿ ಅವತ್ತು ವಿಜಯಪುರ ಆಗಲಿಲ್ಲ, ಸೊಲ್ಲಾಪುರದಲ್ಲಿ ನಿಂತೆವು. ಸಂಜೆ ಊರಿನ ಹೊರಗೆ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು ನೋಡಿದಾಗ ರಾತ್ರಿ ಓಡಿಸಬೇಡಿ ಅಂದಿದ್ದು ಯಾಕೆ ಅಂತ ಅರ್ಥವಾಯಿತು.

ಸಾಮಾನಿನ ಲಾರಿ ಇನ್ನೂ ಬಂದಿಲ್ಲ. ಕುಕ್ಕರ್, ಇಂಡಕ್ಷನ್, ಚಾಪೆಯಲ್ಲಿ ಸಂಸಾರ ನಡೆದಿದೆ.

ಕಾಳಿ ನದಿ · ಜನವರಿ 11, ರಾತ್ರಿ 8:00

ಅಕ್ಕ, ನಾವು ಇದೇ ತಿಂಗಳ ಕೊನೆಯಲ್ಲಿ ದಾಂಡೇಲಿಯಿಂದ ಜೈಪುರಕ್ಕೆ ಹೋಗುತ್ತಿದ್ದೇವೆ, ಅಂದರೆ ಉಲ್ಟಾ. ಹೊರಡುವ ಹೊತ್ತು ಹೇಗೆ ಇಟ್ಟುಕೊಳ್ಳಬೇಕು?

ಉಣಕಲ್ ಕೆರೆ · ಜನವರಿ 11, ರಾತ್ರಿ 9:10

ನಿಮಗೆ ಕಷ್ಟದ ಭಾಗ ಕೊನೆಗೆ ಬರುತ್ತದೆ. ರತ್ಲಾಮ್‌ವರೆಗೆ ಬೆಳಿಗ್ಗೆ ಏಳಕ್ಕೆ ಹೊರಡಬಹುದು. ಕೊನೆಯ ರಾತ್ರಿ ಚಿತ್ತೋಡಗಢ ಅಥವಾ ಭಿಲ್ವಾಡಾದಲ್ಲಿ ಉಳಿಯಿರಿ. ಜೈಪುರಕ್ಕೆ ಮಧ್ಯಾಹ್ನ ಮುಟ್ಟುವ ಹಾಗೆ ಒಂಬತ್ತರ ಮೇಲೆ ಬಿಡಿ. ದಣಿದಿರುತ್ತೀರಿ, ಇವತ್ತೇ ಮುಗಿಸಿಬಿಡೋಣ ಅನಿಸುತ್ತದೆ. ಆ ಸಂಜೆ ಮಾತ್ರ ಓಡಿಸಬೇಡಿ. ಜೈಪುರದಲ್ಲಿ ಯಾವ ಕಡೆ ಮನೆ ಅಂತ ಹೇಳಿ, ಬೈಪಾಸ್‌ನಲ್ಲಿ ಎಲ್ಲಿ ಇಳಿಯಬೇಕು ನೋಡಿ ಹೇಳುತ್ತೇನೆ.